ಅಳಿಸಬೇಕಾದ ಬೆಳಕು

ಕುದುರೆಯ ಪಾಪೆ ದುಂಡಗಿಲ್ಲ.
ಮೊದಲ ದಿನ, ಚಿತ್ರವೇ ಮಗುಚಿದೆಯೆಂದು
ಕತ್ತು ವಾಲಿಸಿ ನೋಡಿದ್ದೆ.
ಅದು ಅಡ್ಡ ಮಲಗಿರುತ್ತದೆ,
ಹೊಲಿಗೆ ಬಿಟ್ಟ ಜೇಬಿನ ಬಾಯಿಯಂತೆ.
ಮೇಲಂಚಿಗೆ ಕಪ್ಪು ಗಂಟುಗಳು,
ಒಲೆಗೆ ತೀರ ಹತ್ತಿರ ಹಿಡಿದ ಉಣ್ಣೆ
ಮುರುಟಿಕೊಂಡ ಹಾಗೆ.
ಒಂದು ಕುದುರೆಯ ಗಂಟು ಇನ್ನೊಂದಕ್ಕಿಲ್ಲ.
ಎಡಗಣ್ಣಿನದು ಬಲಗಣ್ಣಿಗೂ ಇಲ್ಲ.

ನಾರಿನ್ ಪೇಟೆಯ ಪಶುವೈದ್ಯ ಶಾಲೆ, ಹಿಂದಿನ ಕೋಣೆ,
ಒಂದು ಹೀಟರು, ಎರಡು ಕಂಪ್ಯೂಟರು,
ಕಣ್ಣಿಗಿಷ್ಟು ಎಂದು ಕೂಲಿ.
ಪಾಪೆಯ ಸುತ್ತ ಹಸಿರು ಗೆರೆ,
ಕಂದು ಬಳೆಯ ಸುತ್ತ ನೀಲಿ,
ಗಂಟುಗಳಿಗೆ ಕೆಂಪು.
ರೆಪ್ಪೆಗೂದಲು, ನೊಣ, ಹೊಳಪು
ಇವಕ್ಕೆಲ್ಲ ಬೂದಿ ಬಣ್ಣ ಬಳಿ, ಅಂದ ಎಲ್ದಿಯಾರ್,
ಯಂತ್ರ ಅದನ್ನು ನೋಡಬಾರದು, ಅದು ಗದ್ದಲ.

ಹೊಳಪಿನಲ್ಲಿ ಏನೇನಿರುತ್ತದೆಂದು ಅವನು ಕೇಳಲಿಲ್ಲ.
ಬೇಲಿ. ನೀಲಿ ಲಾರಿ. ಹಿಮ ಹೊತ್ತು ಬಾಗಿದ ಬೆಟ್ಟ.
ಫೋನು ಎತ್ತಿದವನ ಎರಡು ಮೊಣಕೈ,
ಹಗ್ಗ ಹಿಡಿದು ನಿಂತವನ ಟೋಪಿ,
ಎಲ್ಲ ಸೇರಿ ಕಿರುಬೆರಳ ಉಗುರಿನಷ್ಟು.
ಪಾಪೆ ಎಂದರೆ ಬೊಂಬೆ ತಾನೆ?
ಎರಡು ಚಳಿಗಾಲ
ಬೊಂಬೆಗಳ ಮೇಲೆ ಬೂದಿ ಬಳಿದೆ.

ಅತ್-ಬಾಶಿಯ ಭಾನುವಾರದ ಸಂತೆಯಲ್ಲಿ ಮೊದಲ ಪರೀಕ್ಷೆ.
ಬರೆಯ ಮೇಲೆ ಬರೆ ಎಳೆಯಬಹುದು,
ಹಣೆಯ ಬಿಳಿಗೆ ಬಣ್ಣ ಹಚ್ಚಬಹುದು,
ಕಣ್ಣು ಕದಿಯಲಾಗದು ಎಂದು ನಮ್ಮ ಕರಪತ್ರ.
ಮುದುಕರು ಅದರಲ್ಲಿ ಸೂರ್ಯಕಾಂತಿ ಬೀಜ ಕಟ್ಟಿಕೊಂಡರು.
ಕೊಚ್ಕೊರಿನವನೊಬ್ಬನ ಕೆಂಗಂದು ಹೆಣ್ಣುಕುದುರೆ
ಮೂಸಿ ನೋಡಿತು ಫೋನನ್ನು. ಫೋನು ಗುನುಗಿತು:
ಸಾವಿರದ ನಾನ್ನೂರ ಹನ್ನೆರಡು,
ನೂರಕ್ಕೆ ತೊಂಬತ್ತೇಳು,
ಮಾಲೀಕ ಸಾತರ್‌ಕುಲ್, ಇದೇ ಊರು.

ಸಾತರ್‌ಕುಲ್ ಹೋದ ವಸಂತದಲ್ಲಿ ಮಣ್ಣಾಗಿದ್ದ.
ಹೆಂಡತಿ ಬುರುಲ್ ಎಜೆ ಬಂದಳು,
ಕೈಯಲ್ಲಿನ್ನೂ ಹಿಟ್ಟು.
ಹೊಳೆ ಪಾಲಾಯಿತು ಅಂದಿದ್ದ ಇದನ್ನು, ಅಂದಳು.
ಸೊಂಟದವರೆಗೆ ನೆನೆದು ಬಂದಿದ್ದ,
ಬೂಟು ನಾನೇ ಒಣಗಿಸಿದೆ ಮೂರು ದಿನ.
ನಂಬಿಸಲಿಕ್ಕೆ, ಸುಳ್ಳುಗಾರ, ನೀರಿಗೇ ಇಳಿದಿದ್ದಾನೆ!
ನಕ್ಕಳು. ಸಂತೆಯೂ ನಕ್ಕಿತು.
ದುಡ್ಡು ಎಲ್ಲಿ ಹೋಯಿತೋ.
ಆ ಚಳಿಗಾಲ ನನಗೆ ಆಪರೇಷನ್ನೂ ಆಗಿತ್ತು,
ಅವನು ಇಸ್ಪೀಟೂ ಆಡುತ್ತಿದ್ದ.

ಕೊಚ್ಕೊರಿನವನ ಚೀಟಿ ಸರಿಯಿತ್ತು. ವ್ಯಾಜ್ಯವಿಲ್ಲ.
ಕುದುರೆಯ ಕೆನ್ನೆಗೆ ಹಿಟ್ಟಿನ ಕೈ ಒಮ್ಮೆ ತಾಕಿತು,
ಕಿವಿ ಇತ್ತ ತಿರುಗಿತು.
ಅದು ಅವಳನ್ನು ಗುರುತಿಸಿತೆ?
ಆ ಖಾನೆ ನಮ್ಮ ನಮೂನೆಯಲ್ಲಿಲ್ಲ.

ಮಂಗಳವಾರ ಬಸ್ಸು ಹಿಡಿದು ಕೋಣೆಗೇ ಬಂದಳು.
ಚಿತ್ರ ತೋರಿಸು.
ತೋರಿಸಿದೆ: ಹಸಿರು, ನೀಲಿ, ಕೆಂಪು.
ಇಲ್ಲಿ ಈ ಬೂದಿ ಏನು?
ಏನಿಲ್ಲ ಎಜೆ, ಗದ್ದಲ.
ಸುಮ್ಮನೆ ನೋಡುತ್ತ ನಿಂತಳು. ಹೀಟರು ಟಿಕ್ಕೆಂದಿತು.
ಎರಡು ಬಾರಿ ಗುಂಡಿ ಒತ್ತಿ
ನನ್ನ ಎರಡು ಚಳಿಗಾಲದ ಕೆಲಸದಲ್ಲಿ ಒಂದು ಚೂರು
ಕಿತ್ತು ತೆಗೆದೆ.

ಬಿಳಿ ಟೋಪಿ, ಓರೆ.
ಒಂದು ಹೆಗಲು. ಬಾಯಿಗಿಟ್ಟ ಬೆರಳು,
ಬೀಜದ ಸಿಪ್ಪೆ ತೆಗೆಯುತ್ತಿರಬೇಕು.
ಮುಖವೆಂಬುದು ಐದಾರು ಚೌಕ.
ಬೇರೆ ಫೋಟೋಗಳಲ್ಲೆಲ್ಲ ಉಸಿರು ಬಿಗಿಹಿಡಿದಿದ್ದಾನೆ,
ಅಂದಳು ಬುರುಲ್ ಎಜೆ,
ಇಲ್ಲಿ ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಾನೆ.

ಪ್ರಿಂಟರಿಗೆ ಶಾಯಿ ಇರಲಿಲ್ಲ.
ಅವಳು ತನ್ನ ಫೋನಲ್ಲೇ ಸ್ಕ್ರೀನಿನ ಫೋಟೋ ಹಿಡಿದಳು.
ಅದರಲ್ಲಿ ಟ್ಯೂಬ್‌ಲೈಟು ಬಿತ್ತು,
ಅವಳ ತಲೆವಸ್ತ್ರದ ಹೂವೂ ಬಿತ್ತು,
ಗಂಡನ ಟೋಪಿಗೆ ಅರ್ಧ ಅಡ್ಡವಾಗಿ.
ಒರೆಸಿಕೊಡಲೇ ಅಂದೆ, ಅಭ್ಯಾಸಬಲ.
ಬೇಡ, ಅಂದಳು, ಬಸ್ಸಿಗೆ ಹೊತ್ತಾಯಿತು.

ಸಾವಿರದ ನಾನ್ನೂರ ಹದಿಮೂರು.
ನೊಣ ಕೂತಿದೆ, ಎಡ ಮೂಲೆಯಲ್ಲಿ.